ಎಂಟು ಮಾತ್ರೆಯ ಕೈ

ಕ್ಷೌರಿಕನಿಗೆ ಕನ್ನಡಿಯಿಂದ ತಪ್ಪಿಸಿಕೊಳ್ಳಲು ಜಾಗವಿಲ್ಲ. ಎದುರಿಗೊಂದು, ಬೆನ್ನಿಗೊಂದು. ದಿನವಿಡೀ ಅವುಗಳಲ್ಲಿ ಅವನಿಗೆ ಕಾಣುತ್ತಿದ್ದುದು ಕುಂಬಳಕಾಯಿಯಂತೆ ಊದಿದ, ತನ್ನದಲ್ಲದ ಮುಖ. ದೊಡ್ಡ ಕರುಳಿನ ಹುಣ್ಣಿಗೆ ಡಾಕ್ಟರು ಬರೆದ ಸ್ಟೀರಾಯ್ಡ್, ದಿನಕ್ಕೆ ಎಂಟು ಮಾತ್ರೆ. ರಕ್ತ ಹೋಗುವುದು ನಿಂತಿತು, ನಿಜ. ಆದರೆ ಮುಖ ಊದಿತು, ನಿದ್ದೆ ಹಾರಿಹೋಯಿತು, ಸಿಟ್ಟು ಮೂಗಿನ ತುದಿಗೆ ಬಂತು, ಕೈ ನಡುಗತೊಡಗಿತು.

ಮುಖ ಹೋದರೆ ಹೋಗಲಿ. ಕೈಯೇ ಹೋದರೆ ಅವನಿಗೆ ಉಳಿಯುವುದೇನು? ಕತ್ತರಿ ಹೇಗೋ ನಡೆಯುತ್ತಿತ್ತು, ಅದಕ್ಕೆ ಬಾಚಣಿಗೆಯ ಆಸರೆಯಿತ್ತು. ರೇಜರಿಗೆ ಯಾವ ಆಸರೆ? ಗಡ್ಡಕ್ಕೆ ಬಂದವರನ್ನೆಲ್ಲ ಪಕ್ಕದ ಕುರ್ಚಿಯ ಬಾಮೈದನಿಗೆ ದಾಟಿಸಿದ. ಮೇಷ್ಟ್ರು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಇಪ್ಪತ್ತು ವರ್ಷದಿಂದ ಶನಿವಾರ ಶನಿವಾರ ಇವನಿಗೇ ಕುತ್ತಿಗೆ ಒಪ್ಪಿಸಿದವರು.

“ನಿನ್ನ ಕೈ ಸರಿಯಾಗೋವರೆಗೂ ಗಡ್ಡ ಬಿಡ್ತೀನಿ ಕಣಯ್ಯಾ. ನನ್ನ ಹೆಂಡತಿ ಮನೆಯಿಂದ ಓಡಿಸೋದ್ರೊಳಗೆ ಹುಷಾರಾಗು,” ಎಂದು ಎರಡು ವಾರ ಹಾಗೇ ಮರಳಿದ್ದರು.

ಆ ಮಾತೇ ಅವನನ್ನು ಕೆಡಿಸಿತು. ಮಾತ್ರೆಯನ್ನು ವಾರಕ್ಕೊಂದರಂತೆ ನಿಧಾನವಾಗಿ ಇಳಿಸಬೇಕು ಎಂದಿದ್ದರು ಡಾಕ್ಟರು. ಇವನು ಯಾರಿಗೂ ಹೇಳದೆ ಎಂಟನ್ನು ಒಮ್ಮೆಗೇ ಎರಡಕ್ಕೆ ತಂದ. ಐದನೆಯ ದಿನ, ಶನಿವಾರ, ಕೈ ಚಾಚಿ ನೋಡಿದ: ಅಲುಗಲಿಲ್ಲ. ಮೈಯನ್ನೆಲ್ಲ ಯಾರೋ ಹಿಂಡಿ ಹಾಕಿದಂತಿತ್ತು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

“ಬನ್ನಿ ಮೇಷ್ಟ್ರೇ, ಕಾಡು ಕಡಿಯೋಣ.”

“ಭಾವ, ನಾನು ಮಾಡ್ತೀನಿ ಬಿಡಿ,” ಬಾಮೈದ ಎದ್ದ.

“ನೀನು ಸುಮ್ನೆ ಕೂತ್ಕೊಳ್ಳೋ.”

ಎಡಗೆನ್ನೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಮುಗಿಯಿತು. ಮೇಷ್ಟ್ರು ಕಣ್ಣು ಮುಚ್ಚಿ “ಆಹಾ” ಎಂದರು. ಅಷ್ಟರಲ್ಲಿ ಹೊಟ್ಟೆ ತಿರುಚಿತು. ರೇಜರು ಅಲ್ಲೇ ಇಟ್ಟು ಹಿಂದಿನ ಕಕ್ಕಸಿಗೆ ಓಡಿದ. ಬಾಗಿಲ ಚಿಲಕ ಹಾಕುವ ಮೊದಲೇ ಆಗಿಹೋಗಿತ್ತು. ಮತ್ತೆ ಅದೇ ಕೆಂಪು.

ಪ್ಯಾಂಟು ತೊಳೆದು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದ.

“ಯಾರನ್ನ ಕೇಳಿ ಇಳಿಸಿದ್ರಿ? ಈಗಲೇ ಹೊರಟು ಬನ್ನಿ. ಮತ್ತೆ ಎಂಟರಿಂದಲೇ ಶುರುಮಾಡಬೇಕು.”

“ಎಷ್ಟು ದಿನ ಸಾರ್?”

“ಈಗಲೇ ಹೇಗ್ರೀ ಹೇಳೋದು?”

ಒದ್ದೆ ಪ್ಯಾಂಟಿನಲ್ಲೇ ಹೊರಬಂದಾಗ ಬಾಮೈದ ಬಲಗೆನ್ನೆ ಮುಗಿಸುತ್ತಿದ್ದ. ಯಾರೂ ಇವನತ್ತ ನೋಡಲಿಲ್ಲ. ನೋಡಬಾರದೆಂದು ಇಬ್ಬರೂ ಪಾಡುಪಡುತ್ತಿದ್ದರು.

ಮುಂದಿನ ಶನಿವಾರ ಮೇಷ್ಟ್ರು ಬಂದರು. ಇವನ ಭುಜ ಮುಟ್ಟಿ, ನೇರವಾಗಿ ಹೋಗಿ ಬಾಮೈದನ ಕುರ್ಚಿಯಲ್ಲಿ ಕೂತು ಕತ್ತೆತ್ತಿದರು.

ಇವನು ಪೊರಕೆ ತೆಗೆದುಕೊಂಡ. ಕೂದಲು ಗುಡಿಸುವುದಕ್ಕೆ ನಡುಗುವ ಕೈಯೂ ಸಾಕಾಗುತ್ತದೆ.