ಹನ್ನೆರಡನೆಯ ಗೋಲ್‌ಕೀಪರ್

ಅಪ್ಪನ ತಲೆ ಮತ್ತೆ ಬಲಕ್ಕೆ ವಾಲಿತು. ಸುನೀಲ್ ಅದನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿ, ಹಣೆಯ ಮೇಲಿಂದ ಬಿಳಿ ಪಟ್ಟಿ ಹಾಯಿಸಿ ಕುರ್ಚಿಯ ಬೆನ್ನಿಗೆ ಕಟ್ಟಿದ. ಗಂಟು ಬೇಕಾದ್ದಕ್ಕಿಂತ ಬಿಗಿಯಾಗಿಯೇ ಬಿತ್ತು.

"ಸ್ವಲ್ಪ ಲೂಸ್ ಮಾಡಿ ಸುನೀಲ್," ಎಂದ ಸಂಕೇತ್ ಹಿರೇಮಠ. "ವಿಭೂತಿ ಹಚ್ಚೋಕೆ ಹಣೆ ಕಾಣ್ಬೇಕು. ಪಟ್ಟೀನ ಇನ್ನೊಂಚೂರು ಮೇಲೆ ತಗೊಳ್ಳಿ."

ಸಂಕೇತ್ ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ಮ್ಯಾನೇಜರ್. ಹುಟ್ಟಿನಿಂದ ಜಂಗಮ. ಹಾಗಾಗಿ ಸಿಂಗಾಪುರದ ಲಿಂಗಾಯತರ ಮನೆಗಳಲ್ಲಿ ಮದುವೆಗೂ ಅವನೇ ಅಯ್ನೋರು, ಮಣ್ಣಿಗೂ ಅವನೇ. ಇವತ್ತು ಅರ್ಧ ದಿನ ರಜೆ ಹಾಕಿ, ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು ಬಂದಿದ್ದ.

ಕ್ಲೆಮೆಂಟಿಯ ಅವರ ಫ್ಲ್ಯಾಟಿನ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕೆಳಗಿನ ತೆರೆದ ಅಂತಸ್ತಿನಲ್ಲಿ, ಅಪ್ಪ ಈರಬಸಪ್ಪ ಊಟದ ಮೇಜಿನ ಕುರ್ಚಿಯ ಮೇಲೆ ಕೂತಿದ್ದ. ಎಡ ಅಂಗೈಯಲ್ಲಿ ಇಷ್ಟಲಿಂಗ, ಕೊರಳಲ್ಲಿ ಸೇವಂತಿಗೆ ಹಾರ. ಸ್ಟೇಡಿಯಮ್ಮಿನಲ್ಲಿ ಕೂರುತ್ತಿದ್ದುದೂ ಹೀಗೆಯೇ, ಬೆನ್ನು ಸೆಟೆಸಿಕೊಂಡು, ಯಾರಿಗೋ ಬುದ್ಧಿ ಹೇಳಲು ತಯಾರಾದವನ ಹಾಗೆ. ಒಂದೇ ವ್ಯತ್ಯಾಸವೆಂದರೆ ಇವತ್ತು ಬಾಯಿ ಮುಚ್ಚಿತ್ತು.

ಆ ಬಾಯಿ ಮುಚ್ಚುವ ದಿನಕ್ಕಾಗಿ ಸುನೀಲ್ ವರ್ಷಗಟ್ಟಲೆ ಕಾದಿದ್ದ. ಹೆತ್ತ ಅಪ್ಪನ ಬಗ್ಗೆ ಹಾಗೆ ಯೋಚಿಸಬಾರದು ಎನ್ನುವವರು ತಮ್ಮ ಮದುವೆಯಲ್ಲಿ ತಮ್ಮಪ್ಪ ಮೈಕ್ ಹಿಡಿದದ್ದನ್ನು ನೋಡಿಲ್ಲ. ಇವತ್ತು ಮೈಕ್ ಸುನೀಲನ ಕೈಗೆ ಬರಲಿತ್ತು. ಆಡಬೇಕಾದ ಮಾತನ್ನು ಬೆಳಿಗ್ಗೆ ಲಿಫ್ಟಿನಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದ. ಎಲ್ಲರೆದುರು, ಅಪ್ಪನೆದುರು, ಅಪ್ಪನ ಧಾಟಿಯಲ್ಲೇ ಲೆಕ್ಕ ಚುಕ್ತಾ ಆಗಬೇಕು. ಮಣ್ಣಿಗೆ ಇಳಿಸುವ ಮುಂಚೆಯೇ ಆಗಬೇಕು.

"ಅಪ್ಪಾ, ಒಂದ್ ಮಾತು ಹೇಳ್ಬೇಕಿತ್ತು," ಎಂದು ಮಗಳು ಭೂಮಿ ಅಂಗಿ ಜಗ್ಗಿದಳು. ಪ್ರೈಮರಿ ಟೂ ಓದುವ ಹುಡುಗಿ.

"ಈಗಲ್ಲ ಭೂಮಿ. ಅಮ್ಮನ ಹತ್ರ ಹೋಗು."

*

ಪಂದನ್ ರೋವರ್ಸ್ ಎಂಬ ಫುಟ್‌ಬಾಲ್ ಕ್ಲಬ್ಬು ಈಗ ಇಲ್ಲ. ಇದ್ದಾಗಲೂ ಕಪ್ ಗೆದ್ದದ್ದು ಕಡಿಮೆ. ಆದರೆ ಸಂಬಳ ಕೊಟ್ಟು ಆಡಿಸುವ ಲೀಗಿನಲ್ಲಿ ಅದೂ ಒಂದು ತಂಡ, ಅದಕ್ಕೂ ಒಂದು ಸ್ಟೇಡಿಯಂ, ಹಸಿರು ಜೆರ್ಸಿ. ಅದು ಹುಟ್ಟಿದಾಗಿನಿಂದ ಮುಚ್ಚುವ ತನಕ ಗೋಲಿನಲ್ಲಿ ನಿಂತವರು ಹನ್ನೆರಡು ಮಂದಿ. ಯಾರು ಮೊದಲು, ಯಾರು ಕೊನೆ ಎಂದು ತೀರ್ಮಾನಿಸುವ ಹಕ್ಕನ್ನು ಗದಗಿನಿಂದ ಬಂದ ಶಿಪ್‌ಯಾರ್ಡ್ ವೆಲ್ಡರ್ ಈರಬಸಪ್ಪನಿಗೆ ಯಾರೂ ಕೊಟ್ಟಿರಲಿಲ್ಲ, ಅವನೇ ತೆಗೆದುಕೊಂಡಿದ್ದ. ಮ್ಯಾಚು ಮುಗಿದ ಮೇಲೆ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕೂತು ಕಾಫಿ ಹೀರುತ್ತಾ ಒಂದರಿಂದ ಹನ್ನೆರಡರವರೆಗೆ ಹೆಸರು ಹೇಳುವುದು, ಪ್ರತಿ ಹೆಸರಿಗೂ ಒಂದು ಕಾರಣ ಕೊಡುವುದು. "ನಂಬರ್ ಒನ್ ರೋಸ್ಲಿ. ಕಾರಣ, ಚೆಂಡು ಬರೋಕಿಂತ ಮೊದಲ ಅಂವಾ ಅಲ್ಲಿ ಇರ್ತಾನ." ವಾದಕ್ಕೆ ಬಂದವರನ್ನು ಹಣ್ಣುಗಾಯಿ ಮಾಡಿಯೇ ಕಳಿಸುತ್ತಿದ್ದ.

ಅಲ್ಲಿನ ಗಂಡುಹುಡುಗರಿಗೆ ಕಡ್ಡಾಯವಾದ ಮಿಲಿಟರಿ ಸೇವೆ ಮುಗಿಸಿ ಬಂದ ವರ್ಷ ಅದೇ ಕ್ಲಬ್ಬು ಸುನೀಲನನ್ನು ತೆಗೆದುಕೊಂಡಾಗ ಈರಬಸಪ್ಪ ಯಾರ್ಡಿನ ತುಂಬಾ ಲಾಡು ಹಂಚಿದ. ಯೂನಿಫಾರ್ಮಿನಲ್ಲೇ ಸ್ಟೇಡಿಯಮ್ಮಿಗೆ ಬಂದು ಗೋಲಿನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಸುನೀಲ್ ಚೆನ್ನಾಗಿಯೇ ಆಡುತ್ತಿದ್ದ ಕೂಡ, ಸೆಮಿಫೈನಲ್ಲಿನ ತನಕ.

ಚೆಂಡು ಜೋರಾಗಿಯೂ ಬಂದಿರಲಿಲ್ಲ. ಮಕ್ಕಳು ಒದ್ದಷ್ಟೇ ಮೆಲ್ಲಗೆ ಬಂದು, ಅವನ ಎರಡು ಕಾಲಿನ ನಡುವೆ ನುಸುಳಿ ಗೆರೆ ದಾಟಿತು. ನಗು ಎದ್ದಾಗ ಸುನೀಲ್ ನೋಡಿದ್ದು ಕೋಚನ್ನಲ್ಲ, ಸ್ಕೋರ್ ಬೋರ್ಡನ್ನೂ ಅಲ್ಲ. ಗೋಲಿನ ಹಿಂದಿನ ಸಾಲನ್ನು. ಅಪ್ಪನ ಸೀಟು ಖಾಲಿಯಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಈರಬಸಪ್ಪ ಮಗನ ಮುಖ ನೋಡದೆ ಹೆಂಡತಿಗೆ ಹೇಳಿದ: "ಇಂವಾ ಹನ್ನೆರಡನೇದವ. ಕಡೀ ನಂಬರ್. ಕಾರಣ, ಕೈ ಅದಾವು, ಎದಿ ಇಲ್ಲ."

ಕ್ಲಬ್ಬು ಸುನೀಲನನ್ನು ಆ ಸೀಸನ್ನಿಗೇ ಕೈಬಿಟ್ಟಿತು. ಅಪ್ಪ ಮಾತ್ರ ಕೈಬಿಡಲಿಲ್ಲ. ಯಾರ ಮನೆಯ ಸತ್ಯನಾರಾಯಣ ಪೂಜೆಯಿರಲಿ, ಕನ್ನಡದವರ ಪಿಕ್‌ನಿಕ್ಕಿರಲಿ, ಪಟ್ಟಿ ಶುರುವಾಗುತ್ತಿತ್ತು, ಮಗನ ಹೆಸರಿನಲ್ಲಿ ಮುಗಿಯುತ್ತಿತ್ತು. ಮದುವೆಯ ದಿನ ಕಾಂಡೋ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಮೈಕ್ ಹಿಡಿದು, "ಹನ್ನೆರಡನೇದವ ಇಲ್ಲೇ ಸ್ಟೇಜಿನ ಮ್ಯಾಲೆ ಬಾಸಿಂಗ ಕಟ್ಕೊಂಡು ಕುಂತಾನ" ಎಂದಾಗ ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಕ್ಕದಲ್ಲಿ ಕೂತ ಮದುಮಗಳು ಅಕ್ಷತಾ ಕೂಡ ನಕ್ಕಳು. ತಾಳಿ ಕಟ್ಟಿ ಇನ್ನೂ ಒಂದು ತಾಸಾಗಿರಲಿಲ್ಲ.

ಮರುದಿನ ಸುನೀಲ್ ಕೇಳಿಯೇ ಕೇಳಿದ. "ಯಾಕಪ್ಪಾ, ಮದುವೆ ದಿನಾನೂ ಬೇಕಿತ್ತಾ?"

ಈರಬಸಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನನ್ನ ಮಗಾ ಅಂತ ನಿನ್ನ ಮ್ಯಾಲೆ ಹಾಕಿದ್ರ ನನ್ನ ಲಿಸ್ಟಿಗೆ ಏನ್ ಕಿಮ್ಮತ್ತು?"

ಸುನೀಲ್ ಆಮೇಲೆ ಆ ಮಾತೆತ್ತಲಿಲ್ಲ. ಒಂದು ದಿನ ಬರುತ್ತದೆ ಎಂದು ಹಲ್ಲು ಕಚ್ಚಿಕೊಂಡ.

*

ಒನ್-ನಾರ್ತ್ ಬಡಾವಣೆಯಿಂದ ಸುನೀಲನ ಆಫೀಸಿನವರು ಬಂದು ಹೋದರು. ಅವರ ಹಿಂದೆಯೇ ಕೊರಳಿಗೆ ಹಸಿರು ಶಾಲು ಸುತ್ತಿಕೊಂಡ ಏಳೆಂಟು ಮುದುಕರು ಬಂದರು, ಮಲಯರು, ಚೀನೀಯರು, ತಮಿಳರು, ರೋವರ್ಸಿನ ಹಳೇ ಅಭಿಮಾನಿಗಳು. ಅವರ ಮುಂದೆ ಸೊಂಟ ಸ್ವಲ್ಪ ಬಾಗಿದ, ಅಗಲ ಕೈಗಳ ರೋಸ್ಲಿ. ಒಂದು ಕಾಲದ ನಂಬರ್ ಒನ್, ಈಗ ಟ್ಯಾಕ್ಸಿ ಓಡಿಸುತ್ತಾನೆ. ಅವನು ತನ್ನ ಶಾಲು ತೆಗೆದು ಈರಬಸಪ್ಪನ ತೊಡೆಯ ಮೇಲೆ ಮಡಚಿಟ್ಟ. ಆಮೇಲೆ ಸುನೀಲನ ಭುಜ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಹೇಳಿದ:

"ಮೊದಲ ದಿನ ಸ್ಟೇಡಿಯಮ್ಮಿಗೆ ಬಂದಾಗ ನಿನ್ನಪ್ಪನಿಗೆ ಇಂಗ್ಲಿಷೇ ಬರ್ತಿರಲಿಲ್ಲ. ಡಾರ್ಮಿಟರಿಯಲ್ಲಿ ಒಬ್ಬನೇ ಇರೋಕಾಗದೆ ಲೈಟು ಕಂಡ ಕಡೆ ನಡೆದು ಬಂದಿದ್ದನಂತೆ. ಮ್ಯಾಚ್ ಮುಗಿದ ಮೇಲೆ ನನ್ನ ಹತ್ರ ಬಂದು ಎದೆಗೆ ಬೆರಳಿಟ್ಟು 'ಯೂ, ನಂಬರ್ ಒನ್' ಅಂದ. ಅಷ್ಟೇ ಗೊತ್ತಿದ್ದದ್ದು. ಅಷ್ಟರಲ್ಲೇ ಮೂವತ್ತು ವರ್ಷ ನನ್ನ ಗೆಳೆಯನಾಗಿದ್ದ."

ರೋಸ್ಲಿ ಕಣ್ಣೊರೆಸಿಕೊಂಡ. ಸುನೀಲನಿಗೆ ಮಾತ್ರ ಮೈ ಉರಿಯಿತು. ಭಾಷೆ ಬಾರದ ಊರಿನಲ್ಲಿ ಗುರುತಿಲ್ಲದವನಿಗೆ ಒಂದು, ಮನೆಯೊಳಗೆ ಹುಟ್ಟಿದ ಮಗನಿಗೆ ಹನ್ನೆರಡು.

ಅಷ್ಟರಲ್ಲಿ ಗುಂಡಪ್ಪ ಅಂಕಲ್ ಮೈಕ್ ತಟ್ಟಿ ನೋಡಿದರು. ಮೈಸೂರಿನ ಕಡೆಯ ನಿವೃತ್ತ ಪ್ರೊಫೆಸರು, ಕನ್ನಡದವರ ಯಾವ ಸಮಾರಂಭವಾದರೂ ನಿರೂಪಣೆ ಅವರದೇ. "ವ್ಯಾನ್ ಬರೋಕೆ ಇನ್ನೂ ಸ್ವಲ್ಪ ಟೈಮ್ ಇದೆ. ಮಗನಾಗಿ ಸುನೀಲ್ ಎರಡು ಮಾತಾಡಲಿ. ಬಾಪ್ಪಾ."

ಸುನೀಲ್ ಮೈಕ್ ತೆಗೆದುಕೊಂಡು ಜನರ ಕಡೆಗಲ್ಲ, ಕುರ್ಚಿಯ ಕಡೆಗೆ ತಿರುಗಿ ನಿಂತ. ಹಸಿರು ಶಾಲಿನವರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಶುರುಮಾಡಿದ, ಅಪ್ಪನ 'ಕಾರಣ'ವನ್ನು ಮಾತ್ರ ಕನ್ನಡದಲ್ಲೇ ಬಿಟ್ಟು.

"ಅಪ್ಪ ಎಲ್ಲರಿಗೂ ನಂಬರ್ ಕೊಡ್ತಿದ್ದ. ಇವತ್ತು ನಾನು ಕೊಡ್ತೀನಿ. ನನಗೆ ಸಿಕ್ಕ ಅಪ್ಪಂದಿರ ಲಿಸ್ಟ್ ಇದು. ನಂಬರ್ ಒನ್, ನನ್ನ ಸ್ಕೂಲಿನ ಕೋಚ್. ಕಾರಣ, ಬೀಳೋದನ್ನ ಕಲಿಸಿ ಆಮೇಲೆ ಹಿಡಿಯೋದನ್ನ ಕಲಿಸಿದರು. ನಂಬರ್ ಟೂ, ಗದಗಿನ ನಮ್ಮ ಸೋದರಮಾವ. ಕಾರಣ, ಆ ಗೋಲಾದ ಮರುದಿನ ಫೋನ್ ಮಾಡಿ, ಊಟ ಮಾಡಿದ್ಯಾ ಅಂತ ಮಾತ್ರ ಕೇಳಿದರು. ನಂಬರ್ ತ್ರೀ, ನನ್ನ ಹೆಂಡತಿಯ ಅಪ್ಪ. ಕಾರಣ, ಫುಟ್‌ಬಾಲ್ ಅಂದ್ರೇನು ಅಂತಾನೇ ಅವರಿಗೆ ಗೊತ್ತಿಲ್ಲ."

ಯಾರೋ ಕಿಸಕ್ಕೆಂದರು. ಸುನೀಲ್ ನಿಲ್ಲಿಸಲಿಲ್ಲ.

"ಕಡೇ ನಂಬರ್, ಈರಬಸಪ್ಪ. ಕಾರಣ, ಚೆಂಡು ಒಳಗೆ ಹೋದಾಗ ನಾನು ಹಿಂದೆ ತಿರುಗಿ ನೋಡಿದೆ. ಅಪ್ಪ ಎದ್ದು ಹೋಗಿದ್ದ."

ಮಾತು ಮುಗಿಯಿತು. ವಾಯ್ಡ್ ಡೆಕ್ಕಿನ ಫ್ಯಾನು ಗರಗರ ಎನ್ನುತ್ತಿತ್ತು. ಈಗ ಮುಖಗಳು ಇಳಿಯುತ್ತವೆ, ಯಾರಾದರೂ ಛೀ ಎನ್ನುತ್ತಾರೆ ಎಂದು ಸುನೀಲ್ ಕಾದ. ಎಂದರೆ ಎನ್ನಲಿ ಎಂದೇ ಕಾದ.

ರೋಸ್ಲಿ ಮೊದಲು ಚಪ್ಪಾಳೆ ತಟ್ಟಿದ. ಅಳುತ್ತಲೇ ನಗುತ್ತಿದ್ದ. "ಸೇಮ್, ಸೇಮ್! ವಿತ್ ಕಾರಣ!" ಎಂದ. 'ಕಾರಣ' ಎಂಬುದು ಅವನಿಗೆ ಗೊತ್ತಿದ್ದ ಒಂದೇ ಕನ್ನಡ ಪದ. ಶಾಲಿನ ಮುದುಕರೆಲ್ಲ ಚಪ್ಪಾಳೆಗೆ ಕೈಸೇರಿಸಿದರು. ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಂಡು ನಕ್ಕರು. ಗುಂಡಪ್ಪ ಅಂಕಲ್ ಮೈಕ್ ಇಸಿದುಕೊಂಡು, "ಅಪ್ಪನ ಸ್ಟೈಲಲ್ಲೇ ಅಪ್ಪನಿಗೆ ಸೆಂಡಾಫ್! ಇದಕ್ಕಿಂತ ಒಳ್ಳೇ ಟ್ರಿಬ್ಯೂಟ್ ಇನ್ನೇನು ಬೇಕು? ಈರಬಸಪ್ಪನವರು ಎಲ್ಲೂ ಹೋಗಿಲ್ಲ, ಇಲ್ಲೇ ನಿಂತಿದ್ದಾರೆ" ಎಂದು ಸುನೀಲನ ಬೆನ್ನು ಸವರಿದರು.

ಇದು ಹೊಗಳಿಕೆಯಲ್ಲ, ನಾನು ಹೇಳಿದ್ದು ನಿಜ ಎಂದು ಕೂಗಬೇಕೆನಿಸಿತು ಸುನೀಲನಿಗೆ. ಮೈಕ್ ಆಗಲೇ ಗುಂಡಪ್ಪ ಅಂಕಲ್ ಕೈಯಲ್ಲಿತ್ತು. ಅಷ್ಟು ವರ್ಷ ಮಸೆದಿಟ್ಟುಕೊಂಡದ್ದನ್ನು ಜನ ಹೂವಿನ ಹಾರದ ಜೊತೆ ಸೇರಿಸಿ ಅಪ್ಪನ ಕೊರಳಿಗೇ ಹಾಕಿಬಿಟ್ಟಿದ್ದರು. ಸತ್ತ ಮೇಲೂ ಮ್ಯಾಚು ಅಪ್ಪನದೇ.

ನಗದೆ ಇದ್ದವಳು ಒಬ್ಬಳೇ. ಅವ್ವ ಶಂಕ್ರೆವ್ವ ಗಂಡನ ಕಾಲ ಬಳಿ ಕೂತಲ್ಲಿಂದಲೇ ಮಗನನ್ನು ಕರೆದಳು. ಅವನು ಬಗ್ಗಿದಾಗ ಬೇರೆಯವರಿಗೆ ಕೇಳದ ಹಾಗೆ ಕೇಳಿದಳು.

"ಸಮಾಧಾನ ಆತೇನು?"

"ಇಲ್ಲ ಬೇ."

"ಆಗಂಗಿಲ್ಲ ಬಿಡು."

ಸುನೀಲ್ ಅಲ್ಲೇ ಕುಕ್ಕರಿಸಿದ. "ಅವತ್ತು ಸ್ಟೇಡಿಯಮ್ಮಿಂದ ಎದ್ದು ಎಲ್ಲಿ ಹೋಗಿದ್ದ ಅವ್ವಾ?"

"ಎಷ್ಟ ಸಲ ಕೇಳೀನಿ. ಹೇಳ್ಲಿಲ್ಲ." ಅವಳು ಗಂಡನ ಪಾದದ ಮೇಲೆ ಬಿದ್ದಿದ್ದ ಸೇವಂತಿಗೆಯ ಎಸಳುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. "ಇನ್ನ ಯಾರನ್ನ ಕೇಳ್ತಿ?"

*

ಕೂರಿಸಿದ ಹಾಗೆಯೇ ಒಯ್ಯುವಂತಿರಲಿಲ್ಲ, ವ್ಯಾನಿಗೆ ಪೆಟ್ಟಿಗೆಯೇ ಆಗಬೇಕಿತ್ತು. ಹಣೆಯ ಪಟ್ಟಿ ಬಿಚ್ಚಲು ಹೋದರೆ ಸುನೀಲ್ ಹಾಕಿದ ಗಂಟು ಸಡಿಲವಾಗಲಿಲ್ಲ. ಸಂಕೇತ್ ಕತ್ತರಿ ತರಿಸಿ ಕತ್ತರಿಸಿದ. ಚೋವಾ ಚು ಕಾಂಗಿನ ಸ್ಮಶಾನದಲ್ಲಿ ಲಿಂಗಾಯತರದ್ದು ಒಂದು ಚಿಕ್ಕ ಮೂಲೆ. ಅಲ್ಲಿ ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು ಬಿತ್ತು. ಸುನೀಲನೂ ಹಾಕಿದ. ಅಳು ಬರುತ್ತದೇನೋ ಎಂದು ನೋಡಿದ, ಬರಲಿಲ್ಲ. ಸಿಟ್ಟು ಮಾತ್ರ ಇದ್ದಲ್ಲೇ ಇತ್ತು.

ವಾಪಸು ಬರುವಷ್ಟರಲ್ಲಿ ವಾಯ್ಡ್ ಡೆಕ್ ಖಾಲಿಯಾಗಿತ್ತು. ಬಾಡಿಗೆಯ ಟೇಬಲ್ಲುಗಳನ್ನು ಮಡಚಿ ಕಂಬಕ್ಕೆ ಒರಗಿಸಿದ್ದರು. ಊಟದ ಮೇಜಿನ ಕುರ್ಚಿ ಮಾತ್ರ ಇಟ್ಟಲ್ಲೇ ಇತ್ತು, ಬೆನ್ನಿಗೆ ಕತ್ತರಿಸಿದ ಪಟ್ಟಿಯ ತುಂಡು ಇನ್ನೂ ಜೋತಾಡುತ್ತಿತ್ತು. ಅದರ ಮೇಲೆ ಭೂಮಿ ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಣೆಯ ತುಂಬಾ ಯಾರೋ ಬಳಿದ ವಿಭೂತಿ.

"ಮೇಲೆ ಹೋಗೋಣ ಬಾ. ಸ್ನಾನ ಮಾಡ್ಬೇಕು."

"ಅಪ್ಪಾ, ನಿಮ್ಮ ಲಿಸ್ಟ್ ಸರಿ ಇಲ್ಲ ಲಾ," ಎಂದಳು ಭೂಮಿ, ಸಿಂಗಾಪುರದ ಮಕ್ಕಳ ಹಾಗೆ ಕೊನೆಗೊಂದು 'ಲಾ' ಸೇರಿಸಿ. "ಬರೀ ನಾಲ್ಕೇ ಜನ. ನಾನೂ ಒಂದು ಮಾಡಿದೀನಿ, ದೊಡ್ಡೋರ ಲಿಸ್ಟ್. ಅಜ್ಜನೇ ಹೇಳ್ಕೊಟ್ಟಿದ್ದು. ಬೆಳಿಗ್ಗೇನೇ ಹೇಳೋಕೆ ಬಂದೆ, ನೀವು ಈಗಲ್ಲ ಅಂದ್ರಿ. ಈಗ ಹೇಳ್ಲಾ?"

ಸುನೀಲ್ ಕುರ್ಚಿಯ ಎದುರು ಬಂದು ನಿಂತ. ಭೂಮಿ ಬೆನ್ನು ಸೆಟೆಸಿಕೊಂಡು ಬಲಗೈ ಮುಂದೆ ಚಾಚಿದಳು.

"ನಂಬರ್ ಒನ್, ಅಜ್ಜ. ಕಾರಣ, ದಿನಾ ಸ್ಕೂಲ್ ಗೇಟಲ್ಲಿ ಎಲ್ಲರಿಗಿಂತ ಮುಂದೆ ನಿಂತಿರ್ತಿದ್ರು. ಮಳೆ ಬಂದ್ರೂನೂ." ಹೆಬ್ಬೆರಳು ಮಡಚಿತು. "ನಂಬರ್ ಟೂ, ಅಮ್ಮ. ಕಾರಣ, ಕಥೆ ಅರ್ಧಕ್ಕೆ ನಿಲ್ಲಿಸಲ್ಲ. ತ್ರೀ, ಅಜ್ಜಿ. ಫೋರ್, ರೋಸ್ಲಿ ಅಂಕಲ್. ಫೈವ್..." ಅವಳು ಯೋಚಿಸಿದಳು. "ಫೈವ್, ಹಾಕರ್ ಸೆಂಟರಿನ ನೂಡಲ್ಸ್ ಆಂಟಿ. ಕಾರಣ, ನನ್ನ ಹೆಸರು ಮರೆಯಲ್ಲ."

ಬಲಗೈ ಮುಷ್ಟಿಯಾಗಿತ್ತು. ಭೂಮಿ ಅಪ್ಪನ ಮುಖವನ್ನೊಮ್ಮೆ ನೋಡಿ ಎಡಗೈ ಮೇಲೆತ್ತಿದಳು.

"ಸಿಕ್ಸ್..."

ಸುನೀಲ್ ಕೈ ಎರಡನ್ನೂ ಮುಂದೆ ಹಿಡಿದು, ಮೊಣಕಾಲು ಸ್ವಲ್ಪ ಬಗ್ಗಿಸಿ, ಗೋಲಿನಲ್ಲಿ ನಿಲ್ಲುತ್ತಿದ್ದ ಹಾಗೆ ನಿಂತುಬಿಟ್ಟಿದ್ದ.