ಮೆಟ್ಟಿಲ ಕೆಳಗಿನ ಸ್ಟೂಲು

ನಾವು ಕೂರುತ್ತಿದ್ದ ಒಂದೇ ಒಂದು ಸ್ಟೂಲನ್ನು ಮೇಲಿನ ಲ್ಯಾಬಿಗೆ ಎತ್ತಿಕೊಂಡು ಹೋದರು. ಕೆಲಸಗಾರರ ದಣಿವನ್ನು ಅಳೆಯುವುದಕ್ಕೆ ಅದು ಬೇಕಾಗಿತ್ತು.

ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ನಡುವೆ ಇದ್ದ ಸ್ಟೂಲು. ಒಂದು ಕಾಲು ಕುಂಟು. ಅದರಡಿಗೆ ರಟ್ಟು ಮಡಿಚಿ ಕೊಟ್ಟಿದ್ದೆವು. ನಾನೂ ನನ್ನ ಅತ್ತಿಗೆಯೂ ಸರದಿ ಮೇಲೆ ಕೂರುತ್ತಿದ್ದೆವು. ಮೂರು ಮಹಡಿ, ಹನ್ನೊಂದು ಕಕ್ಕಸು ನಮ್ಮಿಬ್ಬರ ಪಾಲಿಗೆ. ಅತ್ತಿಗೆಯ ಕಾಲಿನ ನರಗಳು ಗಂಟುಗಂಟಾಗಿ ಹಗ್ಗದ ಹಾಗೆ ಉಬ್ಬಿವೆ. ನಿಲ್ಲುವುದು ಕಡಿಮೆ ಮಾಡದಿದ್ದರೆ ಹುಣ್ಣಾಗುತ್ತದೆ, ಆಮೇಲೆ ಮಾಯುವುದಿಲ್ಲ ಎಂದು ಡಾಕ್ಟರು ಚೀಟಿ ಬರೆದಿದ್ದರು.

ಚೀಟಿ ಹಿಡಿದು ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆವು. ಬಾಗಿಲ ಮೇಲೆ 'ಔದ್ಯೋಗಿಕ ಆರೋಗ್ಯ ಮನೋವಿಜ್ಞಾನ, ಸ್ನಾತಕೋತ್ತರ ವಿಭಾಗ' ಎಂಬ ಬೋರ್ಡು. ಒರೆಸಿ ಒರೆಸಿ ನನಗದು ಬಾಯಿಪಾಠ. ಒಳಗಿರುವವರನ್ನು ನಾವು ಕರೆಯುವುದು ಮೆತ್ತೆ ಮೇಷ್ಟ್ರು ಅಂತ. ಕುರ್ಚಿಗೆ ಎರಡು ಮೆತ್ತೆ, ಕಾಲಿಗೊಂದು ಮಣೆ.

"ಇನ್ನೊಂದು ಸ್ಟೂಲು ಕೊಡ್ಸಿ ಸಾರ್."

"ನೋಡಮ್ಮ, ನಾಲ್ಕು ಜನ ಬಂದು ಹೋಗೋ ಜಾಗ. ಕೆಲಸದ ಹೊತ್ತಲ್ಲಿ ನೀವು ಕೂತಿದ್ರೆ ನೋಡೋಕೆ ಚೆನ್ನಾಗಿರಲ್ಲ. ಕೂತೂ ಕೂತೂ ನಿಮ್ಗೆ ಕಾಲು ಹಿಡ್ಕೊಂಡಿರೋದು."

ಹೊರಗೆ ಬಂದ ಮೇಲೆ ಅತ್ತಿಗೆ, "ಆ ಬೋಳಿಮಗನ ಒಂದು ಕುಂಡಿಗೆ ಎರಡು ಮೆತ್ತೆ. ನಮ್ಮ ಎರಡು ಕುಂಡಿಗೆ ಒಂದು ಸ್ಟೂಲು ಹೆಚ್ಚಾಯ್ತಾ?" ಅಂದಳು. ನಗು ತಡೆಯಲಾಗದೆ ನಾನು ಬಕೆಟ್ಟು ಚೆಲ್ಲಿದೆ. ಒರೆಸಿದ್ದೂ ನಾನೇ.

ದಣಿವು ಅಳೆಯುವ ಪ್ರಯೋಗ ಎಂ.ಎ. ಎರಡನೇ ವರ್ಷದ ಹುಡುಗಿಯೊಬ್ಬಳದು. ಅವಳ ಕೊರಳಲ್ಲಿ ಕರುವಿನ ಗಂಟೆಯ ಹಾಗೆ ಸ್ಟಾಪ್‌ವಾಚು. ಜನರನ್ನು ಎರಡು ಗಂಟೆ ನಿಲ್ಲಿಸುವುದು, ಹತ್ತು ನಿಮಿಷ ಕೂರಿಸುವುದು, ದಣಿವು ಎಷ್ಟು ಇಳಿಯಿತೆಂದು ಬರೆದುಕೊಳ್ಳುವುದು. ಅಲ್ಲಿಯತನಕ ನಿಂತವರೆಲ್ಲ ಅವಳ ಕ್ಲಾಸಿನವರೇ. ಅರ್ಧ ಗಂಟೆಗೇ ಅಯ್ಯೋ ಸೊಂಟ ಎನ್ನುತ್ತಿದ್ದರು. ನಿಜವಾದ ಕೆಲಸಗಾರರೂ ಒಬ್ಬಿಬ್ಬರು ಇರಲಿ, ಇಲ್ಲದಿದ್ದರೆ ಪರೀಕ್ಷಕರು ಕೇಳುತ್ತಾರೆ ಎಂದು ಮೇಷ್ಟ್ರೇ ನಮ್ಮನ್ನು ಲ್ಯಾಬಿಗೆ ಕರೆಸಿದರು.

ನಮ್ಮನ್ನು ನಿಲ್ಲಿಸುವ ಕಷ್ಟ ಅವರಿಗೆ ಬರಲಿಲ್ಲ. ಬೆಳಗ್ಗೆ ಆರರಿಂದ ನಿಂತೇ ಇದ್ದೆವು.

"ಆಂಟಿ, ದಣಿವು ಎಷ್ಟಿದೆ? ಒಂದರಿಂದ ಐದರೊಳಗೆ ಹೇಳಿ," ಅಂದಳು ಹುಡುಗಿ.

"ಹನ್ನೆರಡು," ಅಂದಳು ಅತ್ತಿಗೆ.

"ಐದರ ಮೇಲೆ ಇಲ್ಲ ಆಂಟಿ."

"ಯಾಕಿಲ್ಲ? ನನ್ನ ಕಾಲಲ್ಲಿ ಇದೆಯಲ್ಲ."

ಹುಡುಗಿ ಮೇಷ್ಟ್ರ ಮುಖ ನೋಡಿದಳು.

"ಮೂರು ಹಾಕು," ಅಂದರು ಅವರು. "ಇವ್ರಿಗೆಲ್ಲ ಅಭ್ಯಾಸ ಆಗಿರುತ್ತೆ. ನಮ್ಮಷ್ಟು ಗೊತ್ತಾಗಲ್ಲ."

ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಮೂರು ಬರೆಯಿತು. ಅವಳೂ ಪಾಸಾಗಬೇಕಲ್ಲ, ಪಾಪ.

ಅತ್ತಿಗೆಯನ್ನು ಕೂರಿಸಿದರು. ನಮ್ಮದೇ ಸ್ಟೂಲು. ರಟ್ಟು ಎಲ್ಲೋ ಬಿದ್ದುಹೋಗಿ ಕುಲುಕಾಡುತ್ತಿತ್ತು. ಮೇಷ್ಟ್ರು ಫೋನಿನಲ್ಲಿ ಮಾತಾಡುತ್ತ ಆಚೆ ತಿರುಗಿದ್ದಾಗ ನಾನು ಮೇಜಿನ ಮೇಲಿನ ಹಾಳೆಯನ್ನು, ಆ ಮೂರು ಬರೆದ ಹಾಳೆಯನ್ನೇ, ನಾಲ್ಕು ಮಡಿಕೆ ಮಾಡಿ ಕುಂಟುಕಾಲಿನ ಅಡಿಗೆ ಕೊಟ್ಟೆ. ಹುಡುಗಿ ನೋಡಿದಳು. ಸ್ಟಾಪ್‌ವಾಚು ಒತ್ತಿದಳು. ಸ್ಟೂಲು ಕಲ್ಲಿನ ಹಾಗೆ ನಿಂತಿತು.

"ಹತ್ತು ನಿಮಿಷ ಆಯ್ತು. ಸಾಕು, ಎದ್ದೇಳಮ್ಮ," ಅಂದರು ಮೇಷ್ಟ್ರು.

ಅತ್ತಿಗೆ ಚಪ್ಪಲಿ ಬಿಟ್ಟು ಕಾಲು ಚಾಚಿದಳು.

"ಏನಮ್ಮ, ಕೇಳಿಸ್ಲಿಲ್ವಾ? ಮೇಲಿನ ಕಕ್ಕಸು ಗಬ್ಬು ನಾರ್ತಿದೆ."

"ಗೊತ್ತು ಸಾರ್. ಈಗ ತಾನೇ ನೀವೇ ಹೋಗಿ ಬಂದ್ರಲ್ಲ."

ಹುಡುಗಿ ಕೆಮ್ಮಿದಳೋ ನಕ್ಕಳೋ ತಿಳಿಯಲಿಲ್ಲ. ಮೇಷ್ಟ್ರ ಕಿವಿ ಕೆಂಪಾಯಿತು.

"ಏಳ್ತೀಯೋ, ನಾಳೆಯಿಂದ ಕೆಲಸಕ್ಕೆ ಬರೋದು ಬಿಡ್ತೀಯೋ?"

ಅತ್ತಿಗೆ ಎರಡೂ ಕೈಯಲ್ಲಿ ಸ್ಟೂಲಿನ ಅಂಚು ಹಿಡಿದುಕೊಂಡಳು. ಹುಡುಗಿಯ ಕೊರಳಲ್ಲಿ ಗಡಿಯಾರ ಇನ್ನೂ ಓಡುತ್ತಿತ್ತು.

"ಹನ್ನೆರಡು ಇದೆ ಸಾರ್. ನಿಮ್ಮ ಪುಸ್ತಕದ ಐದಕ್ಕಾದ್ರೂ ಇಳೀಲಿ. ಅಲ್ಲೀತನಕ ಏಳಲ್ಲ."