ಮುನಿತಾಯಮ್ಮನ ಬಲಗೈ

ಮಗು ಕಿಟಾರನೆ ಕಿರುಚಿದಾಗ ಮುನಿತಾಯಮ್ಮನಿಗೆ ಎಚ್ಚರವಾಯಿತು. ಮಧ್ಯಾಹ್ನ ಮೊಮ್ಮಗನ ಪಕ್ಕ ಒರಗಿದ್ದವಳಿಗೆ ಜೊಂಪು ಹತ್ತಿತ್ತು. ಜೋಮು ಹಿಡಿದ ಬಲಗೈ ನಿದ್ದೆಯಲ್ಲಿ ತಾನಾಗಿ ಎಗರಿ ಎರಡು ತಿಂಗಳ ಕೂಸಿನ ಕೆನ್ನೆಗೆ ಬಡಿದಿತ್ತು. ಈಗಲೂ ಆ ಕೈಯ ಮಾಂಸಖಂಡ ಪಟಪಟ ಅದುರುತ್ತಿತ್ತು.

ಸೊಸೆ ಚೈತ್ರ ಅಡುಗೆಮನೆಯಿಂದ ಓಡಿಬಂದಳು. "ಏನಾಯ್ತು ಅತ್ತೆ?"

"ಇರುವೆ ಕಣೇ! ಹಾಸ್ಗೆ ಮೇಲೆ ಬಿಸ್ಕತ್ ತಿನ್ಬೇಡ ಅಂತ ಎಷ್ಟ್ ಸಲ ಬಡ್ಕೊಳ್ಲಿ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚೈತ್ರ "ಸಾರಿ ಅತ್ತೆ" ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಾಸಿಗೆ ಕೊಡವಿದಳು, ಗೋಡೆಯಂಚಿಗೆ ಅರಿಶಿನ ಉದುರಿಸಿದಳು. ಇಲ್ಲದ ಇರುವೆಯನ್ನು ಮೊಣಕಾಲೂರಿ ಹುಡುಕುವ ಸೊಸೆಯನ್ನು ನೋಡಿ ಮುನಿತಾಯಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಕೆಂಗೇರಿಯ ಆ ಬೀದಿಯಲ್ಲಿ ಎಳೆಗೂಸಿಗೆ ನೀರು ಹಾಕಬೇಕೆಂದರೆ ಮುನಿತಾಯಮ್ಮನೇ ಬರಬೇಕಿತ್ತು. "ನಾನೂ ಕಲೀತೀನಿ ಅತ್ತೆ" ಎಂದ ಸೊಸೆಗೆ, "ಇದೇನ್ ನಿನ್ ಆಫೀಸ್ ಕೆಲ್ಸಾನಾ?" ಎಂದು ಬಾಯಿ ಮುಚ್ಚಿಸಿದ್ದಳು. ಕೈಗೆ ಜೋಮು ಹತ್ತಲು ಶುರುವಾಗಿ ಆಗಲೇ ತಿಂಗಳಾಗಿತ್ತು. ಮಲಗಿದಾಗ ತಾನೇ, ಕೆಲಸ ಮಾಡುವಾಗ ಏನಿಲ್ಲವಲ್ಲ ಎಂದು ಯಾರಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕಾಲು ನೀಡಿ ಕೂತಳು. ಎಣ್ಣೆ ಹಚ್ಚಿದ ಮಗುವನ್ನು ಚೈತ್ರ ಅವಳ ಕಾಲ ಮೇಲೆ ಮಲಗಿಸಿದಳು. ಮುನಿತಾಯಮ್ಮ ಹದ ನೋಡಲು ಬಕೆಟ್ಟಿಗೆ ಬಲಗೈ ಅದ್ದಿದಳು. ಏನೂ ಗೊತ್ತಾಗಲಿಲ್ಲ. ಅನುಮಾನ ಬಂದು ಎಡಗೈ ಅದ್ದಿದರೆ ನೀರು ಸುಡುತ್ತಿತ್ತು. ಸಟ್ಟನೆ ಕೈ ಹಿಂದೆಳೆದುಕೊಂಡಳು.

"ಚೈತ್ರಾ, ನಿನ್ನೆ ಇರುವೆ ಅಲ್ಲ ಕಣೇ. ನನ್ ಕೈ. ನಿದ್ದೇಲಿ ಎಗ್ರಿ ಮಗೂಗೆ ಬಡೀತು. ಹೇಳಕ್ಕೆ ನಾಚ್ಕೆಯಾಗಿ ನಿನ್ ಮೇಲೆ ಹಾಕ್ಬಿಟ್ಟೆ. ಈಗ ನೋಡಿದ್ರೆ ಬಿಸೀನೂ ಗೊತ್ತಾಗ್ತಿಲ್ಲ."

ಚೈತ್ರ ಬಗ್ಗಿ ಮಗುವನ್ನು ಸರಕ್ಕನೆ ಎತ್ತಿಕೊಂಡಳು. ಮುನಿತಾಯಮ್ಮನ ಕಾಲುಗಳು ಖಾಲಿಯಾಗಿ ಚಾಚಿಕೊಂಡೇ ಇದ್ದವು. ಮಡಚಿಕೊಳ್ಳಲೂ ತೋಚಲಿಲ್ಲ.

"ಏಳಿ ಅತ್ತೆ" ಎಂದಳು ಚೈತ್ರ. ದನಿಯಲ್ಲಿ ಕೋಪವಿತ್ತು. "ನಾನ್ ಕೂತ್ಕೋತೀನಿ, ನೀವು ಹೇಳ್ಕೊಡಿ. ಆಮೇಲೆ ಡಾಕ್ಟ್ರ ಹತ್ರ ಹೋಗೋಣ."

ಮುನಿತಾಯಮ್ಮ ಗೋಡೆ ಹಿಡಿದು ಎದ್ದಳು. "ಮೊದ್ಲು ತಣ್ಣೀರು ಬೆರ್ಸು. ಈಗ ಬೋರಲು ಹಾಕು... ಹಾಂ, ಬೆನ್ನಿಗೆ ಹುಯ್ಯಿ, ಮೆಲ್ಲಗೆ."

ಹದವಾದ ನೀರು ಬಿತ್ತು. ಅಜ್ಜಿಯ ಕಾಲ ಮೇಲೆ ದಿನವೂ ಬೀದಿಗೆ ಕೇಳುವಂತೆ ಅರಚುತ್ತಿದ್ದ ಮಗು ಇವತ್ತು ಅಳಲೇ ಇಲ್ಲ. ಮುನಿತಾಯಮ್ಮ ಎಡಗೈಯಲ್ಲಿ ಟವೆಲ್ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು.